ಸಾಲು ಎಂದರೆ ಸಾಲ

ಜುಲೈ ತಿಂಗಳಲ್ಲಿ ರಾತ್ರಿ ಎಂಟೂವರೆ ದಾಟಿದ ಮೇಲೆ ಉಡುಪಿಯಲ್ಲಿ ಮಕ್ಕಳಿರುವ ಯಾವ ಮನೆಗೆ ಹೋದರೂ ಒಂದೇ ಪ್ರಶ್ನೆ: ‘ನಾಳೆ ರಜೆ ಉಂಟಾ?’ ರೆಡ್ ಅಲರ್ಟ್ ಬಂದಾಗಿದೆ, ಜಿಲ್ಲಾಧಿಕಾರಿಗಳ ಆದೇಶ ಇನ್ನೂ ಬಂದಿಲ್ಲ. ಹೋಂವರ್ಕ್ ಪುಸ್ತಕ ಅರ್ಧ ತೆರೆದು ಮೇಜಿನ ಮೇಲೆ ಬಿದ್ದಿದೆ. ಬರೆಯಬೇಕೋ ಬೇಡವೋ ಎನ್ನುವುದು ಆ ಆದೇಶದ ಮೇಲೆ ನಿಂತಿದೆ. ಒಂಬತ್ತರ ಹೊತ್ತಿಗೆ ಆದೇಶದ ಫೋಟೋ ಯಾರದೋ ಗ್ರೂಪಿಗೆ ಬಂದು ಬೀಳುತ್ತದೆ. ಅಲ್ಲಿಂದ ಮುಂದಿನ ಐದು ನಿಮಿಷ ಕರಾವಳಿಯ ಫೋನುಗಳು ಸುಮ್ಮನಿರುವುದಿಲ್ಲ.

ಆ ಐದು ನಿಮಿಷದ ಜೊತೆ ನನ್ನದು ಹಳೆಯ ಲೆಕ್ಕ. ಶಾಲೆಗಳಿಂದ ಪೋಷಕರಿಗೆ ಆ್ಯಪ್ ಮತ್ತು ಎಸ್‌ಎಂಎಸ್ ಮೂಲಕ ಸಂದೇಶ ತಲುಪಿಸುವ ಸಣ್ಣ ಸಾಫ್ಟ್‌ವೇರ್ ಒಂದನ್ನು ನಾವು ಮೂವರು ನಡೆಸುತ್ತೇವೆ. ಉಡುಪಿ, ಮಂಗಳೂರು ಕಡೆಯ ಶಾಲೆಗಳು. ಎಲ್ಲ ಸೇರಿ ಸುಮಾರು 24,000 ಪೋಷಕರು. ವರ್ಷದ ಹೆಚ್ಚಿನ ದಿನ ನಮ್ಮ ಸರ್ವರಿಗೆ ಕೆಲಸವೇ ಇಲ್ಲ. ಫೀಸಿನ ನೆನಪು, ಪೇರೆಂಟ್ಸ್ ಮೀಟಿಂಗಿನ ಕರೆ, ಅಷ್ಟೇ. ಬಾಡಿಗೆ ದಂಡ ಕಟ್ಟುತ್ತಿದ್ದೇವಲ್ಲ ಅನ್ನಿಸುವಷ್ಟು ಆರಾಮ. ಮೊದಲ ಮಳೆಗಾಲದ ಮೊದಲ ರಜೆಯ ರಾತ್ರಿಯೇ ಅದು ಅಡ್ಡ ಮಲಗಿತು. ತಪ್ಪು ಪೂರ್ತಿ ನಮ್ಮದೇ. ಏನು ತಪ್ಪು ಎಂದು ಅರ್ಥವಾಗಲು ಮಾತ್ರ ಇನ್ನೆರಡು ಮಳೆಗಾಲ ಬೇಕಾಯಿತು.

ತಪ್ಪಿನ ಬೇರು ಇದ್ದದ್ದು ಕ್ಯೂನಲ್ಲಿ, ಅಂದರೆ ಸರದಿಯ ಸಾಲಿನಲ್ಲಿ. ಕ್ಯೂ ಎನ್ನುವುದು ಕಂಪ್ಯೂಟರಿನವರು ಕಂಡುಹಿಡಿದದ್ದೇನಲ್ಲ. ಬೆಳಿಗ್ಗೆ ಎಂಟರ ಹೊತ್ತಿಗೆ ಟೋಕನ್ ಕೊಡುವ ಯಾವುದಾದರೂ ಹೋಟೆಲಿಗೆ ಹೋಗಿ ನೋಡಿ. ಕ್ಯಾಶ್ ಕೌಂಟರಿನವನು ದುಡ್ಡು ತಗೊಂಡು ಚೀಟಿ ಹರಿದು ಕೊಡುತ್ತಾನೆ. ಆ ಚೀಟಿ ದೋಸೆ ಕಾವಲಿಯ ಪಕ್ಕದ ತಂತಿಗೆ ಚುಚ್ಚಿಕೊಂಡು ಸರದಿ ಕಾಯುತ್ತದೆ. ಕ್ಯಾಶಿನವನು ಇಷ್ಟರಲ್ಲಿ ಮುಂದಿನ ಗಿರಾಕಿಯ ಜೊತೆ ಚಿಲ್ಲರೆಗೆ ಜಗಳ ಆಡುತ್ತಿರುತ್ತಾನೆ. ಚೀಟಿಯೂ ಇಲ್ಲ, ತಂತಿಯೂ ಇಲ್ಲ ಅಂತಿಟ್ಟುಕೊಳ್ಳಿ. ಒಬ್ಬರ ದೋಸೆ ಬೆಂದು ತಟ್ಟೆಗೆ ಬೀಳುವವರೆಗೆ ಕ್ಯಾಶಿನವನು ಕೈಕಟ್ಟಿ ನಿಲ್ಲಬೇಕು, ಹಿಂದಿನವರು ರಸ್ತೆಗೆ ಬರಬೇಕು. ತಂತಿ ಮಾಡುವ ಉಪಕಾರ ಇಷ್ಟೇ: ‘ತೆಗೆದುಕೊಳ್ಳುವ’ ಕೆಲಸವನ್ನು ‘ಮಾಡುವ’ ಕೆಲಸದಿಂದ ಬೇರೆ ಮಾಡುತ್ತದೆ.

ನೀವು ಫೋನಿನಲ್ಲಿ ‘ಕಳಿಸು’ ಒತ್ತಿದಾಗ ನಡೆಯುವುದೂ ಇದೇ. ಸರ್ವರ್ ಸಂದೇಶವನ್ನು ತೆಗೆದುಕೊಂಡು, ಕರೆಂಟ್ ಹೋದರೂ ಅಳಿಸದಂತೆ ಡಿಸ್ಕಿನಲ್ಲಿ ಬರೆದಿಟ್ಟು, ‘ಬಂತು’ ಎನ್ನುತ್ತದೆ. ತಲುಪಿಸುವ ಕೆಲಸ ಬೇರೆ ಪ್ರೋಗ್ರಾಮಿನದ್ದು, ವರ್ಕರ್ ಎನ್ನುತ್ತೇವೆ. ಅದು ಕ್ಯೂನಿಂದ ಒಂದೊಂದೇ ಸಂದೇಶ ಎತ್ತಿಕೊಂಡು ಹೋಗುತ್ತದೆ. ವಾಟ್ಸಾಪಿನ ಒಂದು ಟಿಕ್ ಅಂದರೆ ಕ್ಯಾಶ್ ಕೌಂಟರಿನ ಚೀಟಿ, ಎರಡು ಟಿಕ್ ಅಂದರೆ ದೋಸೆ ತಟ್ಟೆಗೆ ಬಿತ್ತು. ನೀಲಿಯಾದರೆ ತಿಂದರು.

ಇಲ್ಲಿಯವರೆಗೆ ಎಲ್ಲ ಪುಸ್ತಕಗಳೂ ಹೇಳುತ್ತವೆ. ‘ಲೋಡ್ ಜಾಸ್ತಿಯಾದರೆ ಮಧ್ಯೆ ಒಂದು ಕ್ಯೂ ಹಾಕಿ’ ಎಂಬ ಸಲಹೆಯೂ ಇಲ್ಲಿಂದಲೇ ಬರುತ್ತದೆ, ನಾವು ಹಾಳಾದದ್ದೂ ಇದನ್ನು ಕೇಳಿಯೇ. ಕ್ಯೂ ಲೋಡನ್ನು, ಅಂದರೆ ಸರ್ವರಿನ ಮೇಲಿನ ಕೆಲಸದ ಹೊರೆಯನ್ನು, ಕಡಿಮೆ ಮಾಡುವುದಿಲ್ಲ. ಒಂದೇ ಒಂದು ದೋಸೆಯೂ ಕಡಿಮೆಯಾಗುವುದಿಲ್ಲ. ಈಗ ಮಾಡಲಾಗದ ಕೆಲಸವನ್ನು ಆಮೇಲೆ ಮಾಡುತ್ತೇನೆ ಎಂದು ಬರೆದುಕೊಡುವ ಕಾಗದ ಅದು. ಕನ್ನಡದಲ್ಲಿ ಸಾಲಿಗೂ ಸಾಲಕ್ಕೂ ಇರುವುದು ಒಂದು ಉಕಾರದ ಅಂತರ. ಸರ್ವರಿನ ವಿಷಯದಲ್ಲಿ ಆ ಅಂತರವೂ ಇಲ್ಲ.

ಲೆಕ್ಕ ಹಾಕಿ ನೋಡೋಣ. ಸರ್ವರ್ ಸೆಕೆಂಡಿಗೆ 200 ಸಂದೇಶ ತಲುಪಿಸಬಲ್ಲದು, ಒಂದು ನಿಮಿಷದ ಮಟ್ಟಿಗೆ ಸೆಕೆಂಡಿಗೆ 300 ಬಂದವು. ಸೆಕೆಂಡಿಗೆ ನೂರರಂತೆ ಅರವತ್ತು ಸೆಕೆಂಡಿಗೆ 6,000 ಸಂದೇಶದ ಸಾಲ. ಆಮೇಲೆ ಬರುವ ಪ್ರಮಾಣ 50ಕ್ಕೆ ಇಳಿದರೆ ಸೆಕೆಂಡಿಗೆ 150ರಂತೆ ಸಾಲ ತೀರುತ್ತದೆ. 40 ಸೆಕೆಂಡಿಗೆ ಕೈ ತೊಳೆದುಕೊಳ್ಳಬಹುದು. ಆದರೆ ಬರುವುದು 180ಕ್ಕೆ ಮಾತ್ರ ಇಳಿದರೆ? ತೀರಿಸಲು ಉಳಿಯುವುದು ಸೆಕೆಂಡಿಗೆ ಇಪ್ಪತ್ತೇ. ಒಂದು ನಿಮಿಷದ ಸಾಲಕ್ಕೆ ಐದು ನಿಮಿಷದ ಕಂತು. ಬರುವುದು 200ರಲ್ಲೇ ನಿಂತರೆ ಆ 6,000 ಬೆಳಗಾದರೂ ಹಾಗೇ ಇರುತ್ತದೆ, ಪ್ರತಿಯೊಂದು ಹೊಸ ಸಂದೇಶವೂ ಅರ್ಧ ನಿಮಿಷ ತಡ. ಅಂದರೆ ಗದ್ದಲದಿಂದ ಎಷ್ಟು ಬೇಗ ಹೊರಬರುತ್ತೀರಿ ಎನ್ನುವುದು ಸರ್ವರ್ ಎಷ್ಟು ದೊಡ್ಡದು ಎಂಬುದರ ಮೇಲಲ್ಲ, ಮಾಮೂಲಿ ದಿನದಲ್ಲಿ ಅದು ಎಷ್ಟು ಖಾಲಿ ಇರುತ್ತಿತ್ತು ಎಂಬುದರ ಮೇಲೆ ನಿಂತಿದೆ. ದಂಡದ ಬಾಡಿಗೆ ಎಂದು ನಾನು ಗೊಣಗುತ್ತಿದ್ದ ಖಾಲಿ ಜಾಗವೇ ನಮ್ಮ ಠೇವಣಿ.

ಪೂರ್ತಿ ತುಂಬುವವರೆಗೆ ತೊಂದರೆ ಇಲ್ಲ ಎಂದೂ ಅಂದುಕೊಳ್ಳಬೇಡಿ. ಒಂದು ದೋಸೆಗೆ ಸರಾಸರಿ ಒಂದು ನಿಮಿಷ, ಕಾವಲಿಯಲ್ಲಿ ಒಂದು ಸಲಕ್ಕೆ ಒಂದೇ ದೋಸೆ, ಗಿರಾಕಿಗಳು ಮನಸ್ಸಿಗೆ ಬಂದ ಹೊತ್ತಿಗೆ ಬರುತ್ತಾರೆ. ಕಾವಲಿಯವನು ಅರ್ಧ ಹೊತ್ತು ಮಾತ್ರ ಬ್ಯುಸಿಯಾಗಿದ್ದರೆ ಚೀಟಿ ಕೊಟ್ಟವನಿಗೆ ದೋಸೆ ಸಿಗಲು ಸರಾಸರಿ ಎರಡು ನಿಮಿಷ. ಶೇಕಡಾ 80 ಬ್ಯುಸಿಯಾದರೆ ಐದು ನಿಮಿಷ. 90ಕ್ಕೆ ಹತ್ತು. 95ಕ್ಕೆ ಇಪ್ಪತ್ತು. 99ಕ್ಕೆ ನೂರು ನಿಮಿಷ, ಅಷ್ಟರಲ್ಲಿ ಮಧ್ಯಾಹ್ನದ ಊಟದ ಹೊತ್ತು. ಸೂತ್ರ ಸಣ್ಣದು: ಒಂದು ಕೆಲಸಕ್ಕೆ ಬೇಕಾದ ಸಮಯವನ್ನು, ಬಿಡುವಾಗಿ ಉಳಿದ ಭಾಗದಿಂದ ಭಾಗಿಸುವುದು. ಯಾಕೆ ಹೀಗೆ ಎಂದರೆ, ಹತ್ತು ನಿಮಿಷ ಯಾರೂ ಬಾರದೆ ಕಾವಲಿ ಸುಮ್ಮನೆ ಕಾದಿತು ಅಂತಾದರೆ ಆ ಹೊತ್ತನ್ನು ಡಬ್ಬಿಯಲ್ಲಿ ತುಂಬಿಟ್ಟು ಆಮೇಲೆ ಬಸ್ಸಿಳಿದು ಹದಿನೈದು ಜನ ಒಟ್ಟಿಗೆ ನುಗ್ಗಿದಾಗ ಬಳಸಲಾಗುವುದಿಲ್ಲ. ಹೋದ ಹೊತ್ತು ಹೋಯಿತು. ಮಂಗಳೂರಿನ ನಂತೂರು ಸರ್ಕಲ್ಲಿನಲ್ಲಿ ಸಂಜೆ ಆರಕ್ಕೆ ಸಿಕ್ಕಿಬಿದ್ದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಮಧ್ಯಾಹ್ನ ಎರಡಕ್ಕಿಂತ ಸ್ವಲ್ಪವೇ ಹೆಚ್ಚು ಗಾಡಿ, ಹತ್ತು ಪಟ್ಟು ಕಾಯುವಿಕೆ.

ಈ ಗಣಿತ ಇಂಟರ್ನೆಟ್ಟಿಗಿಂತ ಬಹಳ ಹಳೆಯದು. ಕೋಪನ್‌ಹೇಗನ್ನಿನ ಟೆಲಿಫೋನ್ ಕಂಪನಿಯಲ್ಲಿದ್ದ ಆಗ್ನರ್ ಕ್ರಾರುಪ್ ಎರ್ಲಾಂಗ್ ಎಂಬ ಡೆನ್ಮಾರ್ಕಿನ ಗಣಿತಜ್ಞ 1909ರಲ್ಲೇ ಫೋನ್ ಕರೆಗಳ ದಟ್ಟಣೆಯನ್ನು ಸಂಭವನೀಯತೆಯ ಲೆಕ್ಕಕ್ಕೆ ತಂದ. ಎಷ್ಟು ಲೈನ್ ಹಾಕಿದರೆ ಎಷ್ಟು ಜನಕ್ಕೆ ‘ಎಂಗೇಜ್’ ಸದ್ದು ಕೇಳಿಸೀತು ಎಂಬುದು ಅವನ ಚಿಂತೆ. 1980ರ ದಶಕದಲ್ಲಿ ಎರಿಕ್ಸನ್ ಕಂಪನಿ ಟೆಲಿಫೋನ್ ಸ್ವಿಚ್ಚುಗಳಿಗಾಗಿ ರೂಪಿಸಿದ ಪ್ರೋಗ್ರಾಮಿಂಗ್ ಭಾಷೆಗೆ ಎರ್ಲಾಂಗ್ ಎಂದೇ ಹೆಸರಾಯಿತು. ವಾಟ್ಸಾಪಿನ ಸರ್ವರುಗಳು ನಿಂತದ್ದು ಆ ಭಾಷೆಯ ಮೇಲೆ. 1999ರಲ್ಲಿ ಒಂದೇ ಸರ್ವರ್ 10,000 ಸಂಪರ್ಕಗಳನ್ನು ಹಿಡಿದಿಟ್ಟುಕೊಳ್ಳುವುದು ಹೇಗೆ ಎಂಬುದೇ ದೊಡ್ಡ ಸವಾಲಾಗಿತ್ತು. 2012ರ ಆರಂಭದಲ್ಲಿ ವಾಟ್ಸಾಪಿನವರು ಒಂದು ಸರ್ವರಿನಲ್ಲಿ 20 ಲಕ್ಷ ಸಂಪರ್ಕ ಮುಟ್ಟಿದ್ದೇವೆ ಎಂದು ಬರೆದರು. ಆದರೆ ಸಂಪರ್ಕ ಬೇರೆ, ಲೋಡ್ ಬೇರೆ. ಸುಮ್ಮನೆ ತೆರೆದಿರುವ ಸಂಪರ್ಕ ಅಂದರೆ ಹೋಟೆಲಿನಲ್ಲಿ ಪೇಪರ್ ಓದುತ್ತ ಕೂತವನ ಹಾಗೆ, ಅವನಿಗೊಂದು ಕುರ್ಚಿ ಸಾಕು. ಎಲ್ಲರೂ ಒಟ್ಟಿಗೆ ‘ಒಂದು ಮಸಾಲೆ’ ಎಂದಾಗ ಮಾತ್ರ ಅಡುಗೆಮನೆಗೆ ಮಂಡೆಬಿಸಿ.

ನಮ್ಮಲ್ಲಿ ಆ ರಾತ್ರಿ ಆದದ್ದು ಅದೇ. ಸಂದೇಶ ಕಳಿಸಿದ್ದೇನೋ ಸರಿಯಾಗಿಯೇ ಹೋಯಿತು. ಸಂದೇಶ ಬಂದ ಸದ್ದಿಗೆ ಪೋಷಕರು ಆ್ಯಪ್ ತೆರೆದರು. 24,000ದಲ್ಲಿ ಅರ್ಧ ಜನ ಒಂದೇ ನಿಮಿಷದಲ್ಲಿ ತೆರೆದರೂ ಸೆಕೆಂಡಿಗೆ 200 ವಿನಂತಿ. ನಮ್ಮ ಸರ್ವರಿನ ತಾಕತ್ತೂ ಅಷ್ಟೇ. ಉತ್ತರ ತಡವಾಗತೊಡಗಿತು. ಈಗ ಬುದ್ಧಿವಂತಿಕೆಯ ಭಾಗ ನೋಡಿ: ಆ್ಯಪಿನಲ್ಲಿ ನಾನೇ ಬರೆದಿದ್ದೆ, ಐದು ಸೆಕೆಂಡಿನಲ್ಲಿ ಉತ್ತರ ಬಾರದಿದ್ದರೆ ಕೂಡಲೇ ಮತ್ತೊಮ್ಮೆ ಕೇಳು ಎಂದು. ಸರ್ವರ್ ಆರು ಸೆಕೆಂಡ್ ತೆಗೆದುಕೊಳ್ಳತೊಡಗಿದ ಕ್ಷಣದಿಂದ ಪ್ರತಿ ಫೋನೂ ಎರಡೆರಡು ಸಲ ಕೇಳಿತು. ಆಮೇಲೆ ಮೂರು ಸಲ. 200 ಇದ್ದದ್ದು 400, 600. ಅದಕ್ಕಿಂತ ಕೆಟ್ಟದ್ದು ಇನ್ನೊಂದು. ಸರ್ವರ್ ಕಷ್ಟಪಟ್ಟು ಮೊದಲ ಪ್ರಶ್ನೆಗೆ ಉತ್ತರ ತಯಾರಿಸುವ ಹೊತ್ತಿಗೆ ಆ ಫೋನು ಕಾಯುವುದನ್ನು ಬಿಟ್ಟು ಎರಡನೇ ಪ್ರಶ್ನೆ ಕಳಿಸಿಯಾಗಿತ್ತು. ಗಿರಾಕಿ ಎದ್ದು ಹೋದ ಮೇಲೂ ಅವನ ದೋಸೆ ಹೊಯ್ಯುತ್ತಲೇ ಇರುವುದು! ಸಿಪಿಯು ನೂರಕ್ಕೆ ನೂರು ಬ್ಯುಸಿ, ಉತ್ತರ ಸಿಕ್ಕ ಪೋಷಕರು ಹೆಚ್ಚುಕಡಿಮೆ ಸೊನ್ನೆ.

ರೀಸ್ಟಾರ್ಟ್ ಮಾಡಿದೆವು. ಎದ್ದು ನಿಂತ ಹತ್ತು ಸೆಕೆಂಡಿಗೆ ಮತ್ತೆ ಬಿತ್ತು, ಯಾಕೆಂದರೆ ಬಾಗಿಲ ಹೊರಗೆ ಎಲ್ಲರೂ ನಿಂತೇ ಇದ್ದರು. ಹನ್ನೊಂದೂಕಾಲಿಗೆ ತಾನಾಗಿ ಸರಿಹೋಯಿತು. ನಾವು ಬೆನ್ನು ತಟ್ಟಿಕೊಂಡೆವು. ಬೆಳಿಗ್ಗೆ ಲಾಗ್ ನೋಡಿದಾಗ ಗೊತ್ತಾಯಿತು, ಸರ್ವರನ್ನು ಸರಿ ಮಾಡಿದ್ದು ನಾವಲ್ಲ, ನಿದ್ದೆ.

ಇಂಥ ಪೆಟ್ಟು ತಿಂದವರು ನಾವೇ ಮೊದಲಲ್ಲ ಎನ್ನುವುದೊಂದು ಸಮಾಧಾನ. 1986ರ ಅಕ್ಟೋಬರಿನಲ್ಲಿ ಅಮೆರಿಕದ ಲಾರೆನ್ಸ್ ಬರ್ಕ್‌ಲಿ ಪ್ರಯೋಗಾಲಯದಿಂದ ಬರ್ಕ್‌ಲಿ ವಿಶ್ವವಿದ್ಯಾಲಯಕ್ಕೆ, ಬರೀ 400 ಗಜ ದೂರಕ್ಕೆ, ಸೆಕೆಂಡಿಗೆ 32,000 ಬಿಟ್ ಹೋಗುತ್ತಿದ್ದ ಜಾಗದಲ್ಲಿ 40 ಬಿಟ್ ಹೋಗುವ ಸ್ಥಿತಿ ಬಂತು. ತಂತಿ ಕಡಿದಿರಲಿಲ್ಲ. ಕಂಪ್ಯೂಟರುಗಳು ಕಳಿಸಿದ್ದನ್ನೇ ಮತ್ತೆ ಮತ್ತೆ ಕಳಿಸಿ ದಾರಿ ತುಂಬಿಸಿಕೊಂಡಿದ್ದವು. ವ್ಯಾನ್ ಜೇಕಬ್‌ಸನ್ ಅದಕ್ಕೆ ಕಂಡುಕೊಂಡ ಮದ್ದನ್ನು 1988ರಲ್ಲಿ ಪ್ರಕಟಿಸಿದ: ಪ್ಯಾಕೆಟ್, ಅಂದರೆ ಕಳಿಸಿದ ಮಾಹಿತಿಯ ಒಂದು ತುಂಡು, ಕಳೆದುಹೋದರೆ ಅದನ್ನು ‘ದಾರಿ ತುಂಬಿದೆ’ ಎಂಬ ಸೂಚನೆ ಎಂದು ತಿಳಿದು ಕಳಿಸುವವನೇ ನಿಧಾನಿಸಬೇಕು. ಇಂದಿಗೂ ಇಂಟರ್ನೆಟ್ ನಡೆಯುವುದು ಈ ಮರ್ಯಾದೆಯ ಮೇಲೆ.

ಆ್ಯಪುಗಳಿಗೆ ಅದೇ ಮರ್ಯಾದೆ ಕಲಿಸುವ ಕ್ರಮಕ್ಕೆ ಬ್ಯಾಕ್‌ಆಫ್ ಎಂದು ಹೆಸರು. ಮೊದಲ ಸಲ ಉತ್ತರ ಸಿಗದಿದ್ದರೆ ಎರಡು ಸೆಕೆಂಡ್ ಕಾಯಿ, ಮತ್ತೆ ಸಿಗದಿದ್ದರೆ ನಾಲ್ಕು, ಎಂಟು, ಹದಿನಾರು. ಅರ್ಧ ಗಂಟೆಯ ಮೇಲೆ ಹೋಗಬೇಡ. ಇಷ್ಟೇ ಮಾಡಿ ನಿಲ್ಲಿಸಿದರೆ ಎರಡನೇ ಮಳೆಗಾಲದಲ್ಲಿ ನಮಗಾದದ್ದು ನಿಮಗೂ ಆಗುತ್ತದೆ. ಗಾಳಿಗೆ ಮರ ಬಿದ್ದು ಕರೆಂಟ್ ಹೋಗಿ, ಒಂದು ಗಂಟೆಯ ನಂತರ ಬಂತು. ಇಡೀ ಬಡಾವಣೆಯ ವೈಫೈ ರೂಟರುಗಳು ಒಟ್ಟಿಗೆ ಕಣ್ಣು ಬಿಟ್ಟವು, ಫೋನುಗಳು ಒಟ್ಟಿಗೆ ಸರ್ವರ್ ಬಾಗಿಲು ಬಡಿದವು, ಒಟ್ಟಿಗೆ ಸೋತವು, ಎಲ್ಲವೂ ಶಿಸ್ತಾಗಿ ಎರಡು ಸೆಕೆಂಡ್ ಕಾದು ಮತ್ತೆ ಒಟ್ಟಿಗೇ ಬಡಿದವು. ಕವಾಯತು ಮಾಡಿದ ಹಾಗೆ. ಇದಕ್ಕೆ ಬೇಕಾದದ್ದು ಸ್ವಲ್ಪ ಅಶಿಸ್ತು: ಎಂಟು ಸೆಕೆಂಡ್ ಕಾಯಬೇಕಾದವನು ಸೊನ್ನೆಯಿಂದ ಎಂಟರೊಳಗೆ ಚೀಟಿ ಎತ್ತಿ ಬಂದಷ್ಟು ಹೊತ್ತು ಕಾಯಲಿ. ಜಿಟರ್ ಎನ್ನುತ್ತಾರೆ. ಒಂದು ಸಾಲಿನ ಕೋಡ್. ನಾನು ಇಲ್ಲಿಯವರೆಗೆ ಬರೆದ ಕೋಡಿನಲ್ಲಿ ಅಕ್ಷರಕ್ಕೆ ಇಷ್ಟು ಬೆಲೆ ಬಾಳಿದ ಇನ್ನೊಂದು ಸಾಲು ಇಲ್ಲ.

2021ರ ಅಕ್ಟೋಬರ್ 4ರಂದು ಫೇಸ್‌ಬುಕ್, ಇನ್‌ಸ್ಟಾಗ್ರಾಮ್, ವಾಟ್ಸಾಪ್ ಮೂರೂ ಸುಮಾರು ಆರು ಗಂಟೆ ಕಾಲ ಜಗತ್ತಿನಿಂದ ಮಾಯವಾದದ್ದು ನೆನಪಿರಬಹುದು. ದುರಸ್ತಿಯಾದ ಮೇಲೆ ಅವರ ಎಂಜಿನಿಯರುಗಳಿಗೆ ಹೆದರಿಕೆ ಇದ್ದದ್ದು ಇದೇ ಒಟ್ಟಿಗೆ ನುಗ್ಗುವಿಕೆಯದ್ದು. ಡೇಟಾ ಸೆಂಟರುಗಳ ವಿದ್ಯುತ್ ಬಳಕೆ ಹತ್ತಾರು ಮೆಗಾವಾಟಿನಷ್ಟು ಇಳಿದಿತ್ತು. ಒಮ್ಮೆಲೇ ಎಲ್ಲರನ್ನೂ ಒಳಗೆ ಬಿಟ್ಟರೆ ಸಾಫ್ಟ್‌ವೇರ್ ಮಾತ್ರವಲ್ಲ, ವಿದ್ಯುತ್ ವ್ಯವಸ್ಥೆಯೂ ಕೈಕೊಡಬಹುದಿತ್ತು. ಹಾಗಾಗಿ ಹಂತ ಹಂತವಾಗಿ ಬಾಗಿಲು ತೆರೆದರು.

ಬಾಗಿಲು ಅಂದೆನಲ್ಲ, ಕೃಷ್ಣ ಮಠದಲ್ಲಿ ಮಧ್ಯಾಹ್ನ ಊಟಕ್ಕೆ ಹೋದವರು ಅದನ್ನು ನೋಡಿಯೇ ಇರುತ್ತೀರಿ. ಪಂಕ್ತಿ ತುಂಬಿತೆಂದರೆ ಬಾಗಿಲ ಬಳಿ ತಡೆಯುತ್ತಾರೆ. ಹಸಿದವರನ್ನು ಒಳಗೆ ಬಿಟ್ಟು, ಉಣ್ಣುವವರ ಬೆನ್ನ ಹಿಂದೆ ನಿಲ್ಲಿಸಿದರೆ ಬಡಿಸುವವರಿಗೆ ಓಡಾಡಲು ಜಾಗ ಇರುವುದಿಲ್ಲ, ಸಾರಿನ ಪಾತ್ರೆ ಮುಂದೆ ಹೋಗುವುದಿಲ್ಲ, ಕೂತವರ ಊಟವೂ ಮುಗಿಯುವುದಿಲ್ಲ. ನಮ್ಮ ಮೊದಲ ಸರ್ವರ್ ಎಲ್ಲರನ್ನೂ ಒಳಗೆ ಬಿಡುತ್ತಿತ್ತು. ಮೆಮೊರಿ ಇರುವಷ್ಟೂ ಕ್ಯೂ, ಮಿತಿಯೇ ಇಲ್ಲ. ಅದನ್ನು ಉದಾರತೆ ಎಂದುಕೊಂಡಿದ್ದೆ. ಈಗ ಮಿತಿ ಉಂಟು. ತುಂಬಿದರೆ ಸರ್ವರ್ ಒಂದು ಚಿಕ್ಕ ಉತ್ತರ ಕೊಡುತ್ತದೆ: ‘ಈಗ ಆಗದು, 20 ಸೆಕೆಂಡ್ ಬಿಟ್ಟು ಬಾ.’ ವೆಬ್ಬಿನ ಭಾಷೆಯಲ್ಲಿ 503 ಎಂಬ ಸಂಖ್ಯೆಗೆ ಇದೇ ಅರ್ಥ, ಎಷ್ಟು ಹೊತ್ತು ಬಿಟ್ಟು ಬರಬೇಕು ಎಂದು ಹೇಳುವ ಸೌಲಭ್ಯವೂ ಅದರ ಜೊತೆಗಿದೆ. ‘ಆಗದು’ ಎನ್ನಲು ಸರ್ವರಿಗೆ ಹೆಚ್ಚು ಶ್ರಮ ಇಲ್ಲ. ‘ಆಗುತ್ತದೆ’ ಎಂದು ಹೇಳಿ ಒಂದು ನಿಮಿಷ ಕಾಯಿಸಿ ಕೈಕೊಡುವುದಕ್ಕಿಂತ ಗಿರಾಕಿಗೂ ಇದೇ ವಾಸಿ. ಹೀಗೆ ಒತ್ತಡವನ್ನು ಹಿಂದಕ್ಕೆ, ಕಳಿಸುವವರ ಕಡೆಗೇ ದಾಟಿಸುವುದಕ್ಕೆ ಬ್ಯಾಕ್ ಪ್ರೆಶರ್ ಎಂಬ ಹೆಸರಿದೆ.

ಇಮೇಲ್ ಈ ವಿಷಯದಲ್ಲಿ ಹಿರಿಯ. 1982ರಲ್ಲಿ ಬರೆದ ಅದರ ನಿಯಮಾವಳಿಯಲ್ಲೇ ಎರಡು ಬಗೆಯ ‘ಇಲ್ಲ’ಗಳಿವೆ. ನಾಲ್ಕರಿಂದ ಶುರುವಾಗುವ ಸಂಖ್ಯೆ ಬಂದರೆ ‘ಆಮೇಲೆ ಬಾ’, ಐದರಿಂದ ಶುರುವಾದರೆ ‘ಬರಲೇ ಬೇಡ’. ಆಮೇಲೆ ಎಂದರೆ ಎಷ್ಟು ಆಮೇಲೆ? 2008ರ ಪರಿಷ್ಕೃತ ನಿಯಮದ ಪ್ರಕಾರ ಸಾಮಾನ್ಯವಾಗಿ ಕನಿಷ್ಠ ಅರ್ಧ ಗಂಟೆ ಬಿಟ್ಟು, ಹಾಗೆ ನಾಲ್ಕೈದು ದಿನ ಪ್ರಯತ್ನಿಸಿ, ಆಮೇಲೆ ಕೈಬಿಡಬೇಕು. ಆ ತಾಳ್ಮೆಯಿಂದಲೇ ಇಮೇಲ್ ಇನ್ನೂ ಬದುಕಿದೆ.

ಆದರೆ ತಾಳ್ಮೆ ಎಲ್ಲ ಕಡೆಗೂ ಒಳ್ಳೆಯದಲ್ಲ ಎಂದು ನಮಗೆ ಕಲಿಸಿದವರು ಮಲ್ಪೆಯ ಒಬ್ಬ ಪೋಷಕರು. ಆಳಸಮುದ್ರದ ಬೋಟು, ಜೂನ್, ಜುಲೈ ಎರಡು ತಿಂಗಳ ಮೀನುಗಾರಿಕೆ ನಿಷೇಧ ಮುಗಿದ ಮೇಲೆ ಹೊರಟರೆ ವಾರ, ಹತ್ತು ದಿನ ದಡಕ್ಕೆ ಬರುವುದಿಲ್ಲ. ದೂರ ಹೋದಂತೆ ಫೋನಿಗೆ ಸಿಗ್ನಲ್ ಇಲ್ಲ. ಬೋಟು ವಾಪಸ್ ಬರುವಾಗ ದಡ ಕಣ್ಣಿಗೆ ಕಾಣುವ ಮೊದಲೇ ಎಲ್ಲರ ಕಿಸೆಯೊಳಗೆ ಟಿಂಗ್ ಟಿಂಗ್ ಶುರುವಾಗುತ್ತದಂತೆ. ಅಷ್ಟು ದಿನ ಯಾವುದೋ ಸರ್ವರಿನಲ್ಲಿ ಒಂದು ಟಿಕ್ ಹೊತ್ತು ಕೂತಿದ್ದ ಸಂದೇಶಗಳು ಒಟ್ಟಿಗೆ ಇಳಿಯುತ್ತವೆ. ವಾಟ್ಸಾಪ್ ತಲುಪಿಸಲಾಗದ ಸಂದೇಶವನ್ನು 30 ದಿನ ಇಟ್ಟುಕೊಂಡು ಆಮೇಲೆ ಅಳಿಸುತ್ತದೆ. ನಾವು ಅಳಿಸುತ್ತಲೇ ಇರಲಿಲ್ಲ. ಆಗಸ್ಟಿನ ಒಂದು ಸಂಜೆ ಅವರ ಫೋನಿಗೆ ನಮ್ಮಿಂದ ‘ನಾಳೆ ಶಾಲೆಗೆ ರಜೆ’ ಎಂದು ಮೂರು ಸಂದೇಶ ಬಂದವು. ಮೂರೂ ಹಿಂದಿನ ವಾರದ ಮಳೆಯವು. ಅವರು ಕೊನೆಯದನ್ನು ನಂಬಿದರು. ಮರುದಿನ ಮಗ ಮನೆಯಲ್ಲಿ, ಶಾಲೆಯಲ್ಲಿ ಪರೀಕ್ಷೆ.

ಅಂದಿನಿಂದ ನಮ್ಮ ಪ್ರತಿ ಸಂದೇಶಕ್ಕೂ ಒಂದು ಆಯುಸ್ಸು. ರಜೆಯ ಸಂದೇಶ ಮರುದಿನ ಬೆಳಿಗ್ಗೆ ಒಂಬತ್ತಕ್ಕೆ ಕ್ಯೂನಲ್ಲೇ ಸಾಯುತ್ತದೆ. ಫೀಸಿನದ್ದು ಒಂದು ತಿಂಗಳು ಬದುಕುತ್ತದೆ, ಅಂಕಪಟ್ಟಿಯದ್ದು ತಲುಪುವವರೆಗೆ. ಇದರಿಂದ ಲೋಡೂ ಇಳಿಯಿತು ಎಂಬುದು ಅನಿರೀಕ್ಷಿತ ಲಾಭ. ಹಳಸಿದ್ದನ್ನು ಬಡಿಸುವ ಶ್ರಮ ಉಳಿಯಿತಲ್ಲ. ಆಮೇಲೆ ಕ್ಯೂನ ಉದ್ದವನ್ನು ಅಳೆಯುವುದನ್ನೂ ಬಿಟ್ಟೆವು. ಜಾನ್ ಲಿಟಲ್ ಎಂಬವರು 1961ರಲ್ಲಿ ಸಾಧಿಸಿದ ಒಂದು ನಿಯಮದ ಪ್ರಕಾರ ಸಾಲಿನಲ್ಲಿ ಸರಾಸರಿ ಎಷ್ಟು ಜನ ಇರುತ್ತಾರೆ ಎಂದರೆ, ಬರುವ ವೇಗವನ್ನು ಕಾಯುವ ಹೊತ್ತಿನಿಂದ ಗುಣಿಸಿದಷ್ಟು. ಹಾಗಾಗಿ 12,000 ಸಂದೇಶ ಬಾಕಿ ಎಂದರೆ ಗಾಬರಿಯೋ ಅಲ್ಲವೋ ಹೇಳಲಾಗದು; ಸೆಕೆಂಡಿಗೆ 200 ಸಾಗುತ್ತಿದ್ದರೆ ಒಂದು ನಿಮಿಷದ ಮಾತು, 2 ಸಾಗುತ್ತಿದ್ದರೆ ನೂರು ನಿಮಿಷದ್ದು. ನಾನೀಗ ನೋಡುವುದು ಸಾಲಿನ ತಲೆಯಲ್ಲಿ ನಿಂತ ಸಂದೇಶದ ವಯಸ್ಸನ್ನು. ಅದು ಮೂವತ್ತು ಸೆಕೆಂಡ್ ದಾಟಿದರೆ ನನ್ನ ಫೋನು ಕಿರುಚುತ್ತದೆ.

ವರ್ಕರುಗಳನ್ನು ಹೆಚ್ಚಿಸಬಾರದೇ ಎಂದು ಕೇಳುವಿರಿ. ಹೆಚ್ಚಿಸಬಹುದು. ಕಟೀಲು ಯಕ್ಷಗಾನ ಮೇಳದ ಹರಕೆಯಾಟದ ಕಥೆ ನಮ್ಮ ಕಡೆ ಎಲ್ಲರಿಗೂ ಗೊತ್ತು. ಒಂದು ಮೇಳ ರಾತ್ರಿಗೆ ಆಡುವುದು ಒಂದೇ ಆಟ, ಮೇ ಕೊನೆಯ ಪತ್ತನಾಜೆ ಬಂದರೆ ತಿರುಗಾಟ ಮುಗಿಯಿತು. ಒಂದು ಮೇಳ ಹೋಗಿ ಎರಡಾಯಿತು, ಹೀಗೆ ಬೆಳೆಯುತ್ತಲೇ ಹೋಯಿತು, ಆದರೂ ಹರಕೆ ಹೊತ್ತವರು ವರ್ಷಗಟ್ಟಲೆ ಕಾಯುತ್ತಾರೆ. ಹೊರುವವರ ವೇಗ ಆಡುವವರ ವೇಗಕ್ಕಿಂತ ಹೆಚ್ಚಿದ್ದಷ್ಟು ದಿನ ಸಾಲು ಬೆಳೆಯುವುದೇ. ಸರ್ವರಿನಲ್ಲಿ ಇನ್ನೊಂದು ತಕರಾರು: ವರ್ಕರುಗಳೆಲ್ಲ ಕೊನೆಗೆ ಹೋಗಿ ಕೇಳುವುದು ಒಂದೇ ಡೇಟಾಬೇಸನ್ನು. ನಾವು ನಾಲ್ಕು ವರ್ಕರ್ ಇದ್ದದ್ದನ್ನು ಹದಿನಾರು ಮಾಡಿದೆವು, ಡೇಟಾಬೇಸಿನ ಬಾಗಿಲಲ್ಲಿ ಹೊಸ ಕ್ಯೂ ಹುಟ್ಟಿತು, ಒಟ್ಟು ವೇಗ ಮೊದಲಿಗಿಂತ ಕಡಿಮೆಯಾಯಿತು. ಎಂಟಕ್ಕೆ ಇಳಿಸಿದ ಮೇಲೆಯೇ ಸರಿಯಾದದ್ದು.

ವರ್ಕರ್ ಜಾಸ್ತಿಯಾದಂತೆ ಸರದಿಯೂ ಕೆಡುತ್ತದೆ. ಎಂಟೂ ಐವತ್ತಕ್ಕೆ ಶಾಲೆ ‘ನಾಳೆ ರಜೆ’ ಎಂದು ಕಳಿಸಿತು. ಐದು ನಿಮಿಷದಲ್ಲಿ, ಅದು ಪಕ್ಕದ ತಾಲೂಕಿನ ಆದೇಶ ಎಂದು ತಿಳಿದು ‘ರಜೆ ಇಲ್ಲ, ಕ್ಷಮಿಸಿ’ ಎಂದು ಕಳಿಸಿತು. ಎರಡು ಸಂದೇಶ ಎರಡು ವರ್ಕರುಗಳ ಕೈಗೆ ಬಿದ್ದು, ಎರಡನೆಯದು ಮೊದಲು ತಲುಪಿದರೆ? ಮಕ್ಕಳಿಗೇನೋ ಸಂತೋಷ. ಇದಕ್ಕೆ ಮಾಡುವ ಉಪಾಯ, ಇಡೀ ಕ್ಯೂಗೆ ಸರದಿ ಕಾಯುವ ಗೋಜಿಗೆ ಹೋಗದೆ ಒಂದು ಶಾಲೆಯ ಸಂದೇಶಗಳೆಲ್ಲ ಒಬ್ಬ ವರ್ಕರಿನ ಕೈಗೇ ಹೋಗುವಂತೆ ಸಾಲನ್ನು ಸೀಳುವುದು. ಶಾಲೆಯೊಳಗೆ ಸರದಿ ತಪ್ಪುವುದಿಲ್ಲ, ಶಾಲೆ ಶಾಲೆಗಳ ನಡುವೆ ಯಾರು ಮುಂದೆ ಹೋದರೂ ಯಾರಿಗೂ ನಷ್ಟವಿಲ್ಲ. ಲಿಂಕ್ಡ್‌ಇನ್ ಕಂಪನಿಯೊಳಗೆ ಹುಟ್ಟಿ 2011ರಲ್ಲಿ ಎಲ್ಲರಿಗೂ ತೆರೆದ ಕಾಫ್ಕಾ ಎಂಬ ಸಾಫ್ಟ್‌ವೇರ್ ಈ ಸೀಳುವಿಕೆಯ ಮೇಲೆಯೇ ನಿಂತಿದೆ. ನಮ್ಮಂಥ ಸಣ್ಣವರಿಗೆ ಅಷ್ಟು ದೊಡ್ಡದು ಬೇಡ. ನಾವು ಬಳಸುವುದು ರ್‍ಯಾಬಿಟ್‌ಎಂಕ್ಯೂ. 2007ರದ್ದು, ಅದೂ ಎರ್ಲಾಂಗ್ ಭಾಷೆಯದ್ದೇ.

ಒಂದೇ ಸಂದೇಶ ಎರಡು ಸಲ ಬಂತು ಎಂಬ ದೂರು ನಮಗೆ ಈಗಲೂ ಬರುತ್ತದೆ. ವರ್ಕರ್ ಸಂದೇಶ ತಲುಪಿಸಿತು, ‘ತಲುಪಿತು’ ಎಂದು ಕ್ಯೂಗೆ ಹೇಳುವ ಮೊದಲೇ ಸತ್ತಿತು. ಕ್ಯೂಗೆ ಗೊತ್ತಿಲ್ಲ, ಇನ್ನೊಬ್ಬನ ಕೈಗೆ ಕೊಟ್ಟಿತು. ತಲುಪಿಸುವ ಮೊದಲೇ ‘ತಲುಪಿತು’ ಎಂದು ಹೇಳಿಬಿಟ್ಟರೆ ಎರಡು ಸಲ ಹೋಗುವುದು ತಪ್ಪುತ್ತದೆ, ಆದರೆ ಸತ್ತಾಗ ಸಂದೇಶವೇ ಇಲ್ಲ. ಎರಡರಲ್ಲಿ ಒಂದು ಸಂಕಟ ಆರಿಸಿಕೊಳ್ಳಬೇಕು. ಸರಿಯಾಗಿ ಒಂದೇ ಸಲ ಎಂಬ ಖಾತರಿ ದಾರಿಯಲ್ಲಿ ಸಿಗುವುದಿಲ್ಲ, ತಲುಪಿದ ಕಡೆ ಮಾಡಿಕೊಳ್ಳಬೇಕು. ಗಂಡಿನ ಕಡೆಯಿಂದಲೂ ಹೆಣ್ಣಿನ ಕಡೆಯಿಂದಲೂ ಮದುವೆಯ ಹೇಳಿಕೆ ಬಂದರೆ ನಾವು ಎರಡು ಸಲ ಊಟಕ್ಕೆ ಹೋಗುವುದಿಲ್ಲ, ದಿನಾಂಕ, ಛತ್ರ ನೋಡಿ ಎರಡೂ ಒಂದೇ ಎಂದು ತಿಳಿಯುತ್ತೇವೆ. ಪ್ರತಿ ಸಂದೇಶಕ್ಕೂ ಒಂದು ಗುರುತಿನ ಸಂಖ್ಯೆ ಕೊಟ್ಟು, ಕಂಡ ಸಂಖ್ಯೆ ಮತ್ತೆ ಬಂದರೆ ಸುಮ್ಮನಿರು ಎಂದು ಫೋನಿಗೆ ಹೇಳಿದ್ದೇವೆ. ಎಸ್‌ಎಂಎಸ್‌ನಲ್ಲಿ ಇದು ಆಗುವುದಿಲ್ಲ, ದೂರು ಬರುವುದು ಅಲ್ಲಿಂದಲೇ.

ಎಸ್‌ಎಂಎಸ್ ಎಂದಾಗ ಕನ್ನಡದವರಿಗೇ ಇರುವ ಒಂದು ಲೋಡಿನ ಕಥೆ ಹೇಳಬೇಕು. ಇಂಗ್ಲಿಷಿನಲ್ಲಿ ಒಂದು ಎಸ್‌ಎಂಎಸ್‌ಗೆ 160 ಅಕ್ಷರ, ಕನ್ನಡಕ್ಕೆ ಸಾಮಾನ್ಯವಾಗಿ 70. ಅದರಲ್ಲೂ ಕಾಗುಣಿತ, ಒತ್ತು ಎಲ್ಲ ಬೇರೆ ಬೇರೆ ಎಣಿಕೆ. ‘ಕ್ಕೆ’ ಎಂಬ ಒಂದು ಅಕ್ಷರಕ್ಕೆ ನಾಲ್ಕು ಜಾಗ. ಶಾಲೆಗಳಿಂದ ಬರುವ ಸಂದೇಶ ಶುರುವಾಗುವುದು ಹೇಗೆ? ‘ಈ ಮೂಲಕ ಸಮಸ್ತ ಪೋಷಕರ ಗಮನಕ್ಕೆ ತರಬಯಸುವುದೇನೆಂದರೆ’. ಎಣಿಸಿ ನೋಡಿದೆ ಮಾರಾಯ್ರೆ, ಇಷ್ಟಕ್ಕೇ 43 ಜಾಗ ಖರ್ಚು. ರಜೆಯ ವಿಷಯಕ್ಕೆ ಬರುವಾಗ ಎರಡನೇ ಎಸ್‌ಎಂಎಸ್, ಸಹಿ ಹಾಕುವಾಗ ಮೂರನೆಯದು. 24,000 ಪೋಷಕರಿಗೆ 72,000 ಸಂದೇಶ. ‘ನಾಳೆ ಮಳೆ ರಜೆ’ ಎಂದು ಬರೆಯಿರಿ ಎಂದು ಮುಖ್ಯೋಪಾಧ್ಯಾಯರೊಬ್ಬರಿಗೆ ಹೇಳಿದ್ದಕ್ಕೆ ಅವರು ನನ್ನನ್ನು ನೋಡಿದ ನೋಟ ಇನ್ನೂ ನೆನಪಿದೆ. ಸರ್ವರ್ ದೊಡ್ಡದು ಮಾಡುವುದು ಅದಕ್ಕಿಂತ ಸುಲಭ.

ಗ್ರೂಪುಗಳ ಲೆಕ್ಕ ಇದಕ್ಕಿಂತ ಭಯಂಕರ. ವಾಟ್ಸಾಪ್ ಗ್ರೂಪಿನಲ್ಲಿ 1,024 ಜನರವರೆಗೆ ಇರಬಹುದು. ಸಾವಿರ ಪೋಷಕರ ಗ್ರೂಪಿಗೆ ಶಿಕ್ಷಕರು ಒಂದು ಸಂದೇಶ ಹಾಕಿದರೆ ಸಾವಿರ ಫೋನಿಗೆ ತಲುಪಿಸಬೇಕು, ಅದು ಸಹಜ. ಆಮೇಲೆ ಆ ಸಾವಿರ ಜನ ಮರ್ಯಾದಸ್ಥರು. ಒಬ್ಬೊಬ್ಬರೂ ‘ಧನ್ಯವಾದಗಳು ಸರ್’ ಎಂದು ಹಾಕುತ್ತಾರೆ. ಸಾವಿರ ಸಲ ಸಾವಿರ, ಹತ್ತು ಲಕ್ಷ ತಲುಪಿಸುವಿಕೆ. ಫೋಟೋ ಇದ್ದರೆ ಅದನ್ನು ಹತ್ತು ಲಕ್ಷ ಸಲ ನಕಲು ಮಾಡುವುದಿಲ್ಲ, ಒಂದು ಕಡೆ ಇಟ್ಟು ವಿಳಾಸ ಮಾತ್ರ ಹಂಚುತ್ತಾರೆ ಎನ್ನುವುದಷ್ಟೇ ಪುಣ್ಯ. ನಮ್ಮ ಆ್ಯಪಿನಲ್ಲಿ ಪೋಷಕರು ಉತ್ತರ ಬರೆಯುವಂತಿಲ್ಲ, ‘ನೋಡಿದೆ’ ಎಂಬ ಒಂದು ಗುಂಡಿ ಇದೆ. ಅದನ್ನು ಒತ್ತಿದರೆ ಶಿಕ್ಷಕರ ಬಳಿ ಒಂದು ಅಂಕಿ ಮೇಲೇರುತ್ತದೆ, ಅಷ್ಟೇ. ನಿಮ್ಮ ಆ್ಯಪು ಸ್ವಲ್ಪ ಒರಟು ಎಂದು ಕೆಲವರು ಹೇಳಿದ್ದುಂಟು.

ಕೊನೆಗೆ ಉಳಿಯುವುದು ಎಷ್ಟು ಪ್ರಯತ್ನಿಸಿದರೂ ಹೋಗದ ಸಂದೇಶಗಳು. ಮೊದಲ ವರ್ಷ ಒಂದು ಸಂದೇಶದೊಳಗಿನ ಎಂಥದೋ ವಿಚಿತ್ರ ಅಕ್ಷರಕ್ಕೆ ವರ್ಕರ್ ಸತ್ತಿತು. ಕ್ಯೂ ಅದನ್ನು ಮುಂದಿನ ವರ್ಕರಿಗೆ ಕೊಟ್ಟಿತು, ಅದೂ ಸತ್ತಿತು. ಸಾಲಿನ ಮುಂದೆ ಒಂದು ವಿಷದ ಸಂದೇಶ ಕೂತು ಬಂದವರನ್ನೆಲ್ಲ ಬೀಳಿಸುತ್ತಿತ್ತು. ಈಗ ಐದು ಸಲ ಸೋತರೆ ಅದನ್ನು ಬೇರೆ ಪೆಟ್ಟಿಗೆಗೆ ಸರಿಸುತ್ತೇವೆ. ಡೆಡ್ ಲೆಟರ್ ಕ್ಯೂ ಎಂದು ಹೆಸರು. ವಿಳಾಸ ಸಿಗದ ಕಾಗದಗಳಿಗೆ ಅಂಚೆಯವರು ಇಟ್ಟಿದ್ದ ಹೆಸರೇ. ಪ್ರತಿ ಸೋಮವಾರ ಬೆಳಿಗ್ಗೆ ಆ ಪೆಟ್ಟಿಗೆ ತೆರೆದು ನೋಡುವುದು ನನ್ನ ಪಾಲಿನ ಕೆಲಸ.

ಕಳೆದ ಮಳೆಗಾಲದಲ್ಲಿ ಅದರೊಳಗೆ ಒಂದು ನಂಬರ್ ಪದೇ ಪದೇ ಕಾಣಿಸುತ್ತಿತ್ತು. ಪ್ರತಿ ರಜೆಗೂ ಐದು ಪ್ರಯತ್ನ, ಐದೂ ವಿಫಲ. ನೋಡಿದರೆ 0820ರಿಂದ ಶುರು, ಉಡುಪಿಯ ಲ್ಯಾಂಡ್‌ಲೈನ್. ಎರಡು ವರ್ಷದಿಂದ ನಾವು ಒಂದು ಲ್ಯಾಂಡ್‌ಲೈನಿಗೆ ಎಸ್‌ಎಂಎಸ್ ಕಳಿಸಲು ಹೆಣಗುತ್ತಿದ್ದೆವು. ಶಾಲೆಯ ಗುಮಾಸ್ತರಿಗೆ ಫೋನ್ ಮಾಡಿ ಬೇರೆ ನಂಬರ್ ಇದೆಯಾ ಎಂದು ಕೇಳಿದೆ.

‘ಅದು ಹುಡುಗನ ಅಜ್ಜಿ ಮನೆ ನಂಬರ್’ ಎಂದರು. ‘ರಜೆ ಇದ್ದರೆ ನಾನೇ ಫೋನ್ ಮಾಡಿ ಹೇಳ್ತೇನೆ. ಪ್ರತಿ ಸಲ ಅಜ್ಜಿ ಹೇಳುವುದು ಒಂದೇ, ಅದು ಆಗಲೇ ಟೀವಿಯಲ್ಲಿ ಬಂತು ಅಂತ.’